ಪಾಸ್ತಾದಾಗ ಮೊಸರು

ಹ್ವಾದ ದೀಪಾವಳಿಗೆ ಬೆಂಗಳೂರಾಗ ನಮ್ಮ ಬಳಗದವರ ಮನ್ಯಾಗ ಎಲ್ಲಾರೂ ಕೂಡಿದ್ದಿವಿ. ಹುಡುಗರಿಗೆ ಹಬ್ಬದ ಅಡಗಿ ತಿಂದು ಬ್ಯಾಸರ ಆಗಿತ್ತು, ರಾತ್ರಿಗೆ ಪಾಸ್ತಾನ ಬೇಕು ಅಂತ ಹಟ ಹಿಡದ್ರು. ಡಬ್ಬಿಯೊಳಗ ಪಾಸ್ತಾ ಇತ್ತು, ಫ್ರಿಜ್ಜಿನ್ಯಾಗ ಕ್ರೀಮ್ ಇರಲಿಲ್ಲ. ನಾ ಅಂದೆ, "ವೈನಿ, ಪಾತೇಲಿ ತುಂಬ ಮೊಸರು ಅದ ಅಲ್ಲಾ, ಅದರಾಗ ಮಾಡ್ತೀನಿ ತಡೀರಿ. ನಮ್ಮ ಮನ್ಯಾಗ ಹಂಗ ಮಾಡೂದು."

ಅಷ್ಟ ಅಂದಿದ್ದಕ್ಕ ಅಡಗಿಮನಿ ತುಂಬ ನಗು. "ಅಯ್ಯ, ಪಾಸ್ತಾಕ್ಕ ಮೊಸರ? ಮೊಸರನ್ನ ಕಲಸಿಧಂಗ ಕಲಸ್ತೀರೇನ? ಧಾರವಾಡದ ಪಾಸ್ತಾ ಅಂದ್ರ ಇದ ನೋಡ್ರಿ!" ಅಂತ ಒಬ್ಬರು, "ಮ್ಯಾಲೆ ಉಪ್ಪಿನಕಾಯಿ ಬ್ಯಾಡೇನು?" ಅಂತ ಇನ್ನೊಬ್ಬರು. ಫೋನಿನ್ಯಾಗ ಒತ್ತಿದ್ರು, ಹತ್ತ ನಿಮಿಷಕ್ಕ ಕ್ರೀಮ್ ಬಾಗಲಿಗೆ ಬಂತು. ನಾನೂ ನಕ್ಕೆ. ನಗದ ಮಾಡೂದೇನು? ಆದ್ರ ರಾತ್ರಿ ಹಾಸಗಿ ಮ್ಯಾಲೆ ಬಿದ್ದಾಗ ಅದ ಮಾತು ತಲಿಯೊಳಗ ತಿರಗತಿತ್ತು. 30 ವರ್ಷ ಒಲಿ ಮುಂದ ನಿಂತಾಕಿ ನಾ. ನನ್ನ ಕೈ ಅಡಗಿ ತಪ್ಪು ಅಂತ ಒಂದು ಪಾಕೀಟು ಬಂದು ಹೇಳಬೇಕೇನು?

ನಮ್ಮ ಮನ್ಯಾಗ ಪಾಸ್ತಾಕ್ಕ ಮೊಸರು ಬಂದದ್ದು ಶೋಕಿಗೆ ಅಲ್ರಿ. ಅತ್ತಿಯವರಿಗೆ 82 ವರ್ಷ, ಬಾಯಾಗ ಹಲ್ಲಿಲ್ಲ. ಭಕ್ರಿ ಹಾಲಿನ್ಯಾಗ ನೆನಸಿ ತಿಂತಾರ. ಮಗಳು ಮಾಡ್ಕೊಂಡ ಪಾಸ್ತಾ ಮೆತ್ತಗ ಇದ್ದದ್ದು ನೋಡಿ ಒಂದಿನ "ನನಗೂ ಒಂಚೂರು ಹಾಕs ತಂಗಿ" ಅಂದ್ರು. ಹಾಕೂಕಿಂತ ಮೊದಲ "ಇದರಾಗ ಏನೇನ ಅದ?" ಅಂತ ಕೇಳಿದ್ರು. ಮಗಳು ಹೇಳಿದ್ಲು, ಇಟಲಿಯ ಪಾರ್ಮೆಸಾನ್ ಚೀಸ್ ಮಾಡಲಿಕ್ಕೆ ಹಾಲು ಗಟ್ಟಿ ಮಾಡೂದು ಕರುವಿನ ಹೊಟ್ಟಿಯೊಳಗಿಂದ ತಗದ ರೆನೆಟ್ಟಿನಿಂದ ಅಂತ. ನಮ್ಮ ಕಡೆ ಸಿಗೂ ಭಾಳಷ್ಟು ಚೀಸಿಗೆ ಹಂಗಿಲ್ಲ, ಹಸರ ಚಿಕ್ಕಿ ನೋಡಿ ತರಬಹುದು. ಆದ್ರ ಅತ್ತಿಯವರು ತಾಟು ಸರಿಸಿಬಿಟ್ರು. ಆವತ್ತ ನಾ ಚೀಸ್, ಕ್ರೀಮ್ ಎರಡೂ ಬಿಟ್ಟು ಮನಿ ಮೊಸರಿನ್ಯಾಗ ಮಾಡಿಕೊಟ್ಟೆ. ಎರಡು ಸಲ ಹಾಕಿಸಿಕೊಂಡ್ರು. ಅಲ್ಲಿಂದ ಇದು ನಮ್ಮನಿ ಅಡಗಿ ಆತು.

ಬೆಂಗಳೂರಿಂದ ಬಂದ ಮ್ಯಾಲೆ ಮಗಳಿಗೆ ಈ ನಗಿ ಸುದ್ದಿ ಹೇಳಿದೆ. ಆಕಿ ಏನೂ ಮಾತಾಡಲಿಲ್ಲ. ಮುಂದಿನ ವಾರ ಲೈಬ್ರರಿಯಿಂದ ಒಂದು ದಪ್ಪ ಪುಸ್ತಕ ತಂದು ನನ್ನ ಮುಂದ ಇಟ್ಲು. ಇಬ್ನ್ ಬತೂತಾನ ಪ್ರವಾಸದ ಪುಸ್ತಕ. ಪಿಯುಸಿಯೊಳಗ ಇತಿಹಾಸ ನನ್ನ ವಿಷಯ ಆಗಿತ್ರಿ, ಹಿಂಗಾಗಿ ಹೆಸರು ಗೊತ್ತಿತ್ತು. ಮಹಮ್ಮದ ಬಿನ್ ತುಘಲಕನ ಪಾಠದಾಗ ಬರ್ತಾನ, ದಿಲ್ಲಿಯೊಳಗ ಕಾಜಿ ಆಗಿದ್ದ ಅಂತ ಎರಡು ಸಾಲು ಬರದು ಮಾರ್ಕ್ಸ್ ತಗೊಂಡಿದ್ದೆ. ಆತ ಏನ ಉಂಡ ಅಂತ ಯಾರೂ ನಮಗ ಕಲಸಿರಲಿಲ್ಲ. ಓದಿದ್ರ ಪುಟಪುಟಕ್ಕೂ ಊಟದ ಸುದ್ದಿ!

ಮೊರಾಕ್ಕೋ ದೇಶದ ಟ್ಯಾಂಜಿಯರ್ ಊರಿನವ ಆತ. 1325ರಾಗ, 21 ವಯಸ್ಸಿಗೆ, ಯಾತ್ರಾಕ್ಕಂತ ಮನಿ ಬಿಟ್ಟು ಹೊಂಟಾವ ಜಗತ್ತ ಸುತ್ತಿದ. 1330ರ ದಶಕದಾಗ ಕಪ್ಪು ಸಮುದ್ರದ ಉತ್ತರಕ್ಕ ಇರೂ ದೊಡ್ಡ ಹುಲ್ಲುಗಾವಲಿನ ಸೀಮಿಗೆ ಹೋದ. ಅಲ್ಲಿ ಉಜ್ಬೆಕ್ ಖಾನನ ರಾಜ್ಯ. ಗಾಡಿ ಮ್ಯಾಲೆ ಡೇರೆ ಕಟ್ಟಿಕೊಂಡು ತಿರಗೂ ತುರ್ಕಿ ಜನ, ಕುದರಿ ಹಾಲು ಹುಳಿ ಮಾಡಿ ಕುಡಿಯೂ ಜನ. ಅವರ ಅಡಗಿ ಒಂದನ್ನ ಆತ ಬರದಾನ: ಕಣಕ ನಾದಿ, ಅದನ್ನ ಭಾಳ ಸಣ್ಣ ಸಣ್ಣ ತುಂಡ ಮಾಡಿ, ಪ್ರತಿಯೊಂದರ ನಡುವ ಒಂದು ತೂತ ಮಾಡಿ, ಗಡಗಿಯೊಳಗ ಬೇಯಸ್ತಾರ. ಬೆಂದ ಮ್ಯಾಲೆ ಮೊಸರು ಸುರದು ಉಣ್ತಾರ. ಅದರ ಹೆಸರು ಬುರ್ಖಾನಿ.

ನಾ ಓದೂದು ನಿಲ್ಲಿಸಿ ಕನ್ನಡಕ ತಗದು ಮತ್ತ ಹಾಕ್ಕೊಂಡೆ. ತೂತ ಇರೂ ಹಿಟ್ಟಿನ ತುಂಡು, ನೀರಾಗ ಬೇಯಿಸಿ, ಮ್ಯಾಲೆ ಮೊಸರು. ಇದು ಪಾಸ್ತಾ ಅಲ್ಲದ ಮತ್ತೇನ್ರಿ? ಸುಮಾರು 700 ವರ್ಷದ ಹಿಂದಿನ ಮಾತು!

ಆ ಜನರ ಇನ್ನೊಂದು ಸುದ್ದಿನೂ ಬರದಾನ, ನಮ್ಮ ಪೇಢೇದ ಊರಿನವರು ಕೇಳಬೇಕು. ಸಿಹಿ ತಿನ್ನೂದು ಅಂದ್ರ ಅವರಿಗೆ ಮರ್ಯಾದಿಗೇಡು. ಖಾನ ತನ್ನ ಒಬ್ಬ ಗುಲಾಮಗ "ಈ ಸಿಹಿ ತಿಂದಿ ಅಂದ್ರ ನಿನ್ನನ್ನೂ ನಿನ್ನ ಮಕ್ಕಳು ಮೊಮ್ಮಕ್ಕಳನ್ನೂ ಬಿಡುಗಡಿ ಮಾಡ್ತೀನಿ" ಅಂದನಂತ. ಮಕ್ಕಳು ಮೊಮ್ಮಕ್ಕಳು ಅಂದ್ರ 40 ಮಂದಿ! ಆದರೂ ಆತ "ನನ್ನ ಕೊಂದರೂ ತಿನ್ನೂದಿಲ್ಲ" ಅಂದನಂತ. ಅಂಥಾ ಹಟದ ಜನ ಮೊಸರು ಮಾತ್ರ ಬಿಟ್ಟಿಲ್ಲ ನೋಡ್ರಿ.

ಹಿಂದ ಹೋದ್ರ ಇದು ಇನ್ನೂ ಹಳೇದು. 1070ರ ದಶಕದಾಗ ಬಾಗ್ದಾದಿನ್ಯಾಗ ಕೂತು ಮಹಮೂದ್ ಕಾಶ್ಗರಿ ಅನ್ನೂ ಪಂಡಿತ ತುರ್ಕಿ ಮಾತುಗಳ ದೊಡ್ಡ ನಿಘಂಟು ಬರದ. ಅದರಾಗ 'ತುತ್ಮಾಚ್' ಅಂತ ಒಂದು ಅಡಗಿ ಹೆಸರು ಬರ್ತದ, ಹಿಟ್ಟಿನ ಎಳಿ, ತುಂಡು ಹಾಕಿ ಮಾಡೂದು. ಹೆಸರಿಗೆ ಒಂದು ಕತಿನೂ ಹೇಳ್ಯಾನ. ಸಿಕಂದರನ ಮಂದಿಗೆ ದಾರಿಯೊಳಗ ಉಣ್ಣಲಿಕ್ಕೆ ಸಾಲದ ಆತಂತ. "ತುತ್ಮಾ ಆಚ್", ಅಂದ್ರ "ನಮ್ಮನ್ನ ಹಸಿವಿಲೆ ಇಡಬ್ಯಾಡ" ಅಂದ್ರಂತ, ಆಗ ಹುಟ್ಟಿದ ಅಡಗಿ ಇದು. ಕತಿ ಕತಿನ ಅನ್ರಿ, ಆದ್ರ ಹಸದಾಗ ಹಿಟ್ಟು, ನೀರು ಇದ್ರ ಸಾಕು, ಒಂದು ಅಡಗಿ ಆಗ್ತದ ಅನ್ನೂದು ಖರೇ. ಮುಂದ ಅರಬ್ಬೀ ಅಡಗಿ ಪುಸ್ತಕದೊಳಗೂ ಈ ತುತ್ಮಾಚ್ ಬಂತು: ಹಿಟ್ಟಿನ ತುಂಡು ಬೇಯಿಸಿ, ಮೊಸರು, ಬಳ್ಳೊಳ್ಳಿ, ಪುದಿನಾ ಹಾಕಿ ಮಾಡೂದು. ತುರ್ಕಿ ದೇಶದ ಹಳ್ಳಿ ಮನಿಗಳೊಳಗ ತುತ್ಮಾಚ್ ಸಾರು ಇವತ್ತಿಗೂ ಮಾಡ್ತಾರ.

ಇರಾನಿನವರ 'ರಿಶ್ತಾ'ನೂ ಇದ ಸಾಲಿಂದು. ರಿಶ್ತಾ ಅಂದ್ರ ದಾರ. ನಮ್ಮ ಶಾವಿಗಿ ಕೋಲಿನ ಮ್ಯಾಲೆ ಜೋತಾಡೂದನ್ನ ನೋಡಿದವರಿಗೆ ಆ ಹೆಸರು ಬಿಡಿಸಿ ಹೇಳೂದು ಬ್ಯಾಡ. ಅವರು ಕಾಳು, ಸೊಪ್ಪು, ರಿಶ್ತಾ ಹಾಕಿ ಕುದಿಸಿ ಮ್ಯಾಲೆ 'ಕಶ್ಕ್' ಹಾಕ್ತಾರ. ಕಶ್ಕ್ ಅಂದ್ರ ಮೊಸರಿನ ಗಟ್ಟಿಯನ್ನ ಒಣಗಿಸಿ ಇಟ್ಟದ್ದು, ಬೇಕಾದಾಗ ನೀರಾಗ ಕರಗಿಸಿ ಹಾಕೂದು. ತುರ್ಕಿಯ 'ಮಂತಿ' ಅನ್ನೂದು ಒಳಗ ಮಾಂಸ ತುಂಬಿದ ಸಣ್ಣ ಕಡುಬು, ಅದು ನಮಗ ಬ್ಯಾಡ. ಆದ್ರ ಅದರ ಮ್ಯಾಲಿನ ಸಿಂಗಾರ ನೋಡ್ರಿ: ಬಳ್ಳೊಳ್ಳಿ ಜಜ್ಜಿ ಹಾಕಿದ ಗಟ್ಟಿ ಮೊಸರು, ಅದರ ಮ್ಯಾಲೆ ಬಿಸಿ ಬೆಣ್ಣಿಯೊಳಗ ಕೆಂಪ ಖಾರಪುಡಿ, ಒಣ ಪುದಿನಾ ಚುಂಯ್ ಅನ್ಸಿ ಸುರೀತಾರ. ಅದನ್ನ ನಾವು ಒಗ್ಗರಣಿ ಅಂತೀವಿ. ಅಲ್ಲಿ ಮನಿಮನಿಯೊಳಗ ಬರೇ ಪಾಸ್ತಾ ಕುದಿಸಿ ಹಿಂಗ ಮೊಸರು ಹಾಕಿ ಹುಡುಗರಿಗೆ ಕೊಡ್ತಾರ, ಯಾರೂ ನಗೂದಿಲ್ಲ.

ಹಂಗಾರ ಕ್ರೀಮ್ ಎಲ್ಲಿಂದ ಬಂತು? ಇಟಲಿಯಿಂದ ಅಂತ ನಾವೆಲ್ಲಾ ತಿಳದೀವಿ. ಇಟಲಿಯೊಳಗ ಪಾಸ್ತಾ ಹಳೇದು ಅನ್ನೂದು ಖರೇ. 1154ರಾಗ ಅಲ್ ಇದ್ರೀಸಿ ಅನ್ನೂ ಭೂಗೋಳ ಪಂಡಿತ ಸಿಸಿಲಿಯ ಟ್ರಾಬಿಯಾ ಊರಾಗ ಹಿಟ್ಟಿನ ಎಳಿ ಮಾಡಿ ಹಡಗಿನ್ಯಾಗ ಹೊರಗ ಕಳಸ್ತಾರ ಅಂತ ಬರದಾನ. ಇಬ್ನ್ ಬತೂತಾ ತನ್ನ ಪ್ರವಾಸದ ಕತಿ ಹೇಳಿ ಬರಿಸಿದ 1350ರ ದಶಕದಾಗನ ಅತ್ತಾಗ ಬೊಕಾಚಿಯೋ ಡೆಕಾಮೆರಾನ್ ಬರದ. ಅದರಾಗ ಒಂದು ಸುಳ್ಳ ಊರಿನ ವರ್ಣನಿ ಬರ್ತದ: ಹೆರದ ಪಾರ್ಮೆಸಾನ್ ಚೀಸಿಂದ ಒಂದು ಗುಡ್ಡ, ಗುಡ್ಡದ ಮ್ಯಾಲಿನ ಮಂದಿ ಮ್ಯಾಕರೋನಿ ಬೇಯಿಸಿ ಬೇಯಿಸಿ ಕೆಳಗ ಉರುಳಸೂದ ಕೆಲಸ. ಅಂದ್ರ ಅವರು ಪಾಸ್ತಾಕ್ಕ ಹಾಕಿದ್ದು ಚೀಸ್.

ಆ ಚೀಸೂ ಹೆಪ್ಪಿನ ಕೂಸು ನೋಡ್ರಿ! ಪಾರ್ಮೆಸಾನ್ ಮಾಡವರು ಇವತ್ತಿನ ಹಾಲಿಗೆ ನಿನ್ನಿ ಚೀಸಿನಿಂದ ಉಳದ ಹುಳಿ ನೀರನ್ನ ಹಾಕ್ತಾರ. ಇವತ್ತಿನ ನೀರು ನಾಳಿನ ಹಾಲಿಗೆ. ನಾವು ರಾತ್ರಿ ಒಂದು ಚಮಚ ಮೊಸರು ತಗದಿಟ್ಟು ಹೆಪ್ಪ ಹಾಕಿಧಂಗನ. ಮೊಸರು ಒಂದು ರಾತ್ರಿಗೆ ಆಗ್ತದ, ಆ ಚೀಸಿಗೆ ಕಮ್ಮಿ ಅಂದ್ರೂ 12 ತಿಂಗಳು ಬೇಕು. ಅಷ್ಟ ಫರಕು.

ಇನ್ನ ಎಲ್ಲಾರೂ ಹೋಟೆಲಿನ್ಯಾಗ ಕೇಳೂ ಬಿಳೇ ಆಲ್ಫ್ರೆಡೋ ಪಾಸ್ತಾದ ಕತಿ. ರೋಮ್ ಊರಾಗ ಆಲ್ಫ್ರೆಡೋ ದಿ ಲೆಲಿಯೋ ಅಂತ ಒಬ್ಬಾವ ಖಾನಾವಳಿ ನಡಸಾವ. ಅವರ ಮನಿತನದವರು ಹೇಳೂ ಪ್ರಕಾರ 1908ರಾಗ ಆತನ ಹೆಂಡತಿ ಹಡದು ಬಾಣಂತಿ ಆಗಿದ್ಲು, ಊಟ ಸೇರತಿರಲಿಲ್ಲ, ಸೊರಗಿದ್ಲು. ಆಕಿಗಂತ ಆತ ಕೈಲೆ ಮಾಡಿದ ಪಾಸ್ತಾಕ್ಕ ಹೆಚ್ಚಿಗಿ ಬೆಣ್ಣಿ, ಪಾರ್ಮೆಸಾನ್ ಹಾಕಿ ಕಲಿಸಿ ಕೊಟ್ಟ. ಓದಿದಾಗ ನನಗ ನಮ್ಮ ಅವ್ವ ಬಾಣಂತನದಾಗ ಬಿಸಿ ಅನ್ನಕ್ಕ ತುಪ್ಪ ಸುರದು ಕೊಡತಿದ್ದದ್ದು ನೆನಪಾತು. ಬಾಣಂತಿ ಉಣ್ಣಲಿ ಅಂತ ಅನ್ನೂ ಜೀವ ಎಲ್ಲಾ ಊರಾಗೂ ಒಂದ. ಆ ಪಾಸ್ತಾದೊಳಗ ಕ್ರೀಮ್ ಇರಲೇ ಇಲ್ರಿ. ಬೆಣ್ಣಿ, ಚೀಸ್, ಪಾಸ್ತಾ ಕುದಿಸಿದ ನೀರು, ಮೂರನ್ನೂ ಜೋರಾಗಿ ಕಲಿಸಿದ್ರ ತಾನ ಕೆನಿಗತೆ ಆಗ್ತದ. 1920ರಾಗ ಲಗ್ನ ಆದ ಹಾಲಿವುಡ್ಡಿನ ಮೇರಿ ಪಿಕ್‌ಫರ್ಡ್, ಡಗ್ಲಸ್ ಫೇರ್‌ಬ್ಯಾಂಕ್ಸ್ ಜೋಡಿ ಅಲ್ಲಿ ಉಂಡು ಮೆಚ್ಚಿದ ಮ್ಯಾಲೆ ಅಮೇರಿಕಾದಾಗ ಹೆಸರಾತು. ಕ್ರೀಮ್ ಬಿದ್ದದ್ದು ಆ ಕಡೆ ಹೋದ ಮ್ಯಾಲೆ. ಅಂದ್ರ ನಮ್ಮ ಬೆಂಗಳೂರಿನ ಪಾಕೀಟು ಕ್ರೀಮಿಗೆ ನೂರು ವರ್ಷದ ಮನಿತನ, ಮೊಸರಿಗೆ ಏಳ್ನೂರು ವರ್ಷದ್ದು.

ಇಷ್ಟ ಆಗಿದ್ರ ನಾ ವೈನಿಗೆ ಫೋನ್ ಮಾಡಿ ಜಂಬ ಕೊಚ್ಚಿಬಿಡತಿದ್ದೆ. ಆದ್ರ ಪುಸ್ತಕ ಮುಂದ ಓದಿದ್ರ ಅದ ಇಬ್ನ್ ಬತೂತಾ ನಮ್ಮ ಹೊನ್ನಾವರಕ್ಕ ಬಂದಾನ! ಇಡಗುಂಜಿ ಗಣಪತಿಗೆ ಹೋಗೂ ಮುಂದ ನಾವೆಲ್ಲಾ ಬಸ್ಸು ಬದಲಿಸೂ ಊರು. 1342ರ ಸುಮಾರಿನ ಮಾತು. ಆತ ಅದನ್ನ 'ಹಿನೌರ್' ಅಂತ ಬರದಾನ. ಅಲ್ಲಿ ಜಮಾಲುದ್ದೀನ ಅನ್ನೂ ಸುಲ್ತಾನ. ಆತನ ಮ್ಯಾಲಿನ ದೊಡ್ಡ ಅರಸ 'ಹರಿಯಬ' ಅಂತಾನ. ವಿಜಯನಗರದ ಹರಿಹರನ ಇವ ಅಂತ ಇತಿಹಾಸದವರು ಹೇಳ್ತಾರ. ಆ ಸಣ್ಣ ಊರಾಗ ಹೆಣ್ಣಮಕ್ಕಳಿಗೆ 13 ಶಾಲಿ, ಗಂಡಮಕ್ಕಳಿಗೆ 23 ಶಾಲಿ ನೋಡಿ ಬೆರಗಾಗ್ಯಾನ. ಹೆಣ್ಣಮಕ್ಕಳು ಹೊಲಿದಿದ್ದ ಅರಬಿ ಉಡೂದಿಲ್ಲ, ಒಂದ ಉದ್ದ ಬಟ್ಟಿ, ಒಂದು ತುದಿ ಟೊಂಕಕ್ಕ, ಇನ್ನೊಂದು ತುದಿ ತಲಿ, ಎದಿ ಮ್ಯಾಲೆ ಹೊತಗೋತಾರ, ಮೂಗಿನ್ಯಾಗ ಬಂಗಾರದ ಉಂಗುರ ಹಾಕ್ತಾರ ಅಂತ ಬರದಾನ. ಸೀರಿನ್ರಿ ಅದು.

ಆ ಸುಲ್ತಾನನ ಮನಿ ಊಟ ಹೆಂಗಿತ್ತು ಅನ್ನೂದನ್ನ ಬಡಸಿದ ಕ್ರಮದಾಗನ ಬರದಾನ. ತಾಮ್ರದ ದೊಡ್ಡ ತಾಟು. ರೇಷ್ಮಿ ಉಟ್ಟ ಒಬ್ಬ ದಾಸಿ ಬಂದು ನಿಲ್ತಾಳ, ಮುಂದ ಅಡಗಿ ಪಾತ್ರಿ ಇಡ್ತಾರ. ಆಕಿ ದೊಡ್ಡ ಸವಟಲೆ ಅನ್ನ ಬಡಿಸಿ ಮ್ಯಾಲೆ ತುಪ್ಪ ಹಾಕ್ತಾಳ. ಬಾಜೂಕ ಹಸಿ ಮೆಣಸಿನ ಗೊಂಚಲಿನ ಉಪ್ಪಿನಕಾಯಿ, ಹಸಿ ಶುಂಠಿ, ಲಿಂಬಿಕಾಯಿ, ಮಾವಿನಕಾಯಿ. ಮೆಣಸು ಅಂದ್ರ ಕಾಳುಮೆಣಸು. ಕೆಂಪ ಮೆಣಸಿನಕಾಯಿ ಇನ್ನೂ ನಮ್ಮ ದೇಶಕ್ಕ ಬಂದಿರಲಿಲ್ಲ. ಆಮ್ಯಾಲೆ ಕೋಳಿ, ಮೀನು, ಪಲ್ಯ, ಒಂದೊಂದಕ್ಕೂ ಮತ್ತ ಅನ್ನ. ಎಲ್ಲಾ ಮುಗದ ಮ್ಯಾಲೆ ಮೊಸರು. ಮೊಸರು ಬಂತು ಅಂದ್ರ ಇನ್ನೇನೂ ಬರೂದಿಲ್ಲ, ಊಟ ಮುಗೀತು ಅಂತ ತಿಳೀಬೇಕು. ಕಡೀಕ ಬಿಸಿನೀರು, ಮಳಗಾಲದಾಗ ತಣ್ಣೀರು ಕುಡದ್ರ ಬಾಧಿ ಆಗ್ತದ ಅಂತ. ಮುಂದ ಇನ್ನೊಮ್ಮೆ ಬಂದಾಗ 11 ತಿಂಗಳು ಅಲ್ಲೇ ಇದ್ದ, ರೊಟ್ಟಿ ಮುಖ ನೋಡಲಿಲ್ಲ, ಬರೇ ಅನ್ನ ಅಂತ ಅಳತಾನ ಪಾಪ.

ಕಡೀಕ ಮೊಸರು! ನಮ್ಮ ಮನ್ಯಾಗ ಇವತ್ತಿಗೂ ಬಡಸೂ ಕ್ರಮ ಅದ ಅಲ್ಲೇನ್ರಿ? ಉತ್ತರದ ಚಳಿಯೊಳಗ ಹಿಟ್ಟಿನ ತುಂಡಿನ ಮ್ಯಾಲೆ ಮೊಸರು ಉಂಡವನ ಕೈಗೆ ಹತ್ತ ವರ್ಷದಾಗ ಹೊನ್ನಾವರದ ಹೆಣ್ಣಮಗಳೊಬ್ಬಾಕಿ ಮೊಸರು ಬಡಸ್ಯಾಳ. ಆಕಿ ರೇಷ್ಮಿ, ಆಕಿ ಸವಟು ಬರದಾನ, ಆಕಿ ಹೆಸರ ಬರದಿಲ್ಲ. ಆ ಬುರ್ಖಾನಿಗೆ ತೂತ ಮಾಡಿದವರು ಯಾರು, ಈ ಮೊಸರಿಗೆ ಹೆಪ್ಪ ಹಾಕಿದಾಕಿ ಯಾರು, ಅದೂ ಇಲ್ಲ. ಓದಿದಾಗ ನನಗ ಬೆಂಗಳೂರಿನ ನಗು ಮರತ ಹೋತು. ಅದಕ್ಕಿಂತ ಬ್ಯಾರೆ ಒಂದು ಚುಚ್ಚಲಿಕ್ಕೆ ಹತ್ತಿತು.

ನಮ್ಮ ಅವ್ವ ಪಳದ್ಯ ಮಾಡಿದ್ರ ಒಂದಿನಾನೂ ಒಡೀಲಿಲ್ಲ. ಮೊಸರು ಬಿಸಿ ಮಾಡೂದು ಎಷ್ಟು ನಾಜೂಕಿನ ಕೆಲಸ ನಿಮಗ ಗೊತ್ತದ. ಹಾಲಿನ್ಯಾಗ ಕೇಸಿನ್ ಅಂತ ಒಂದು ಪ್ರೋಟೀನ್ ಇರ್ತದ. ಹೆಪ್ಪಿನ ಹುಳಿಗೆ ಅದು ಒಂದಕ್ಕೊಂದು ಹಿಡಕೊಂಡು ಮೊಸರು ಆಗ್ತದ. ಅದನ್ನ ಬೆಂಕಿ ಮ್ಯಾಲೆ ಇಟ್ರ ಆ ಹಿಡತ ಇನ್ನೂ ಬಿಗಿ ಆಗಿ ನೀರು ಹೊರಗ ಬೀಳ್ತದ, ಗಟ್ಟಿ ಒಂದು ಕಡೆ, ನೀರು ಒಂದು ಕಡೆ. ಒಂದು ಚೂರು ಹಿಟ್ಟು ಹಾಕಿದ್ರ ಅದು ಬಿಸಿಗೆ ಉಬ್ಬಿ ಆ ಕಣಗಳ ನಡುವ ಅಡ್ಡ ನಿಲ್ತದ, ಒಡೀಗೊಡೂದಿಲ್ಲ. ತುರ್ಕಿಯವರು ಮೊಸರಿನ ಸಾರಿಗೆ ಗೋಧಿಹಿಟ್ಟು ಹಾಕ್ತಾರ, ನಾವು ಪಳದ್ಯಕ್ಕ ಕಡ್ಲಿಹಿಟ್ಟು ಹಾಕ್ತೀವಿ. ಅವ್ವಗ ಕೇಸಿನ್ ಗೊತ್ತಿರಲಿಲ್ಲ, ಹಿಟ್ಟು ಗೊತ್ತಿತ್ತು.

ಲಗ್ನ ಆದ ಹೊಸದಾಗಿ ನಾ ಕೇಳಿದ್ದೆ, "ಅವ್ವಾ, ಎಷ್ಟು ಹಿಟ್ಟು ಹಾಕಲಿ?" ಅಂತ. "ಕೈಗೆ ಗೊತ್ತಾಗ್ತದ ಬಿಡು" ಅಂದ್ಲು. ಆಮ್ಯಾಲೆ ಕೇಳಿದ್ರಾತು, ಊರಿಗೆ ಹೋದಾಗ ನೋಡಿದ್ರಾತು ಅಂತ ನಾನೂ ಬಿಟ್ಟೆ. ಅವ್ವ ಹೋಗಿ ನಾಕ ವರ್ಷ ಆತು. ಆಕಿ ಪಳದ್ಯದ ರುಚಿ ನನ್ನ ಕೈಗೆ ಇನ್ನೂ ಬಂದಿಲ್ಲ. ಹೊನ್ನಾವರದ ಆ ಹೆಣ್ಣಮಗಳ ಹೆಸರು ಪರದೇಶದ ಪ್ರವಾಸಿ ಬರೀಲಿಲ್ಲ ಅಂತ ನಾ ಬೈಕೋತ ಕೂತಿದ್ದೆ. ನನ್ನ ಅವ್ವನ ಕೈ ಅಳತಿ ನಾ ಬರಕೊಂಡೇನು?

ಅದಕ್ಕ ಈಗ ನಮ್ಮನಿ ಪಾಸ್ತಾ ಅಳತಿ ಹಾಕಿ ಬರೀಲಿಕ್ಕತ್ತೀನಿ. ಮೂರು ಮಂದಿಗೆ 200 ಗ್ರಾಂ ಪಾಸ್ತಾ. ಪಾಸ್ತಾ ಡ್ಯೂರಮ್ ಗೋಧೀದು, ನಮ್ಮ ಬನ್ಸಿ ಗೋಧಿನೂ ಅದ ಜಾತಿ; ಹಿಂಗಾಗಿ ಮನಿ ಶಾವಿಗಿಯೊಳಗ ಮಾಡಿದ್ರೂ ಛಲೋ ಆಗ್ತದ. ಉಪ್ಪಿನ ನೀರಾಗ ಕುದಿಸಿ, ಬಸಿಯೂ ಮುಂದ ಒಂದು ವಾಟಿ ನೀರು ತಗದಿಡ್ರಿ. ಹುಳಿ ಇಲ್ಲದ ಗಟ್ಟಿ ಮೊಸರು ಒಂದೂವರಿ ವಾಟಿ ಒಂದು ತಾಸು ಮೊದಲ ಫ್ರಿಜ್ಜಿನಿಂದ ಹೊರಗ ಇಟ್ಟು, ಗಂಟಿಲ್ಲಧಂಗ ಕಡೀರಿ. ಎಮ್ಮಿ ಹಾಲಿನ ಮೊಸರಾದ್ರ ಜಿಡ್ಡು ಹೆಚ್ಚ, ಅಷ್ಟು ಲಗೂ ಒಡೀದಿಲ್ಲ. ಶ್ರೀಖಂಡದ ಚಕ್ಕಾ ಉಳದಿದ್ರ ಇನ್ನೂ ಛಲೋ, ತುಸು ನೀರು ಬೆರಸಿ ತಗೋರಿ.

ಕಡಾಯಿಯೊಳಗ ಒಂದು ದೊಡ್ಡ ಚಮಚ ಬೆಣ್ಣಿ, ನಾಕು ಎಸಳ ಬಳ್ಳೊಳ್ಳಿ. ಬಳ್ಳೊಳ್ಳಿ ನಡಿಯೂದಿಲ್ಲ ಅನ್ನೂ ಮನ್ಯಾಗ ಇಂಗು, ಕರಿಬೇವು ಹಾಕ್ರಿ. ಅದಕ್ಕ ಒಂದು ದೊಡ್ಡ ಚಮಚ ಗೋಧಿಹಿಟ್ಟು ಹಾಕಿ ಹಸಿವಾಸನಿ ಹೋಗೂತನಕ ಹುರದು, ತಗದಿಟ್ಟ ನೀರಿನ್ಯಾಗ ಅರ್ಧ ವಾಟಿ ಹಾಕಿ ತಿರವ್ರಿ. ಮೊಸರಿಗೆ ಮೊದಲ ಈ ಬಿಸಿ ಹಿಟ್ಟಿನ ನೀರು ಎರಡು ಚಮಚ ಬೆರಸಿ ರೂಢಿ ಮಾಡಸ್ರಿ, ಆಮ್ಯಾಲೆ ಮೊಸರನ್ನ ಕಡಾಯಿಗೆ ಹಾಕ್ರಿ. ಉರಿ ಭಾಳ ಸಣ್ಣ. ಕೈ ಬಿಡದ ತಿರವ್ಕೋತ ಇದ್ದು, ಉಗಿ ಏಳಲಿಕ್ಕೆ ಹತ್ತಿದ ಕೂಡಲೆ ಗ್ಯಾಸ್ ಬಂದ್. ಕುದಿಯೂತನಕ ಇಡಬ್ಯಾಡ್ರಿ. ಪಾಸ್ತಾ, ಉಪ್ಪು ಹಾಕಿ ಕಲಸ್ರಿ. ಮ್ಯಾಲೆ ಒಂದು ಚಮಚ ಬಿಸಿ ಬೆಣ್ಣಿಯೊಳಗ ಬ್ಯಾಡಗಿ ಖಾರಪುಡಿ, ಕೈಲೆ ತಿಕ್ಕಿದ ಒಣ ಪುದಿನಾ ಹಾಕಿ ಸುರೀರಿ.

ಹೋದ ವಾರ ವೈನಿ ಫೋನ್ ಮಾಡಿದ್ರು, ಏನೇನೋ ಸುದ್ದಿ ಆದ ಮ್ಯಾಲೆ, "ಆ ಮೊಸರಿನ ಪಾಸ್ತಾ ನಾನೂ ಮಾಡಿದ್ದೆ, ಒಡದ್ ಹೋತs" ಅಂದ್ರು. ಹಿಟ್ಟು ಹಾಕಿದ್ರೇನು ಅಂತ ಕೇಳಿದೆ. ಹಾಕಿರಲಿಲ್ಲ. "ಕೈಗೆ ಗೊತ್ತಾಗ್ತದ" ಅನ್ನೂ ಮಾತು ನಾಲಿಗಿ ತುದಿಗೆ ಬಂದಿತ್ತು. ನುಂಗಿಕೊಂಡು ಹೇಳಿದೆ: "ಪೆನ್ನು ತಗೋರಿ ವೈನಿ, ಒಂದು ದೊಡ್ಡ ಚಮಚ, ಬರಕೋರಿ."

ನಿಮ್ಮ ಮನ್ಯಾಗೂ ಅವ್ವ, ಅತ್ತಿ, ಮೌಶಿ ಇದ್ರ ಇವತ್ತ ಅವರ ಬಾಜೂಕ ಒಂದು ವಾಟಿ, ಒಂದು ಚಮಚ ಹಿಡಕೊಂಡು ನಿಂದ್ರಿ. ಅವರು ಕೈಲೆ ಹಾಕಲಿ, ನೀವು ಅಳದು ಬರಕೋರಿ. ಹೆಸರೂ ಹಾಕ್ರಿ.